ಸೂರ್ಯ ಕಾಣದ ಎಲುಬು

ನಮ್ಮ ಕಡೆ ಕಾಯಿಲೆಯವರನ್ನು ಮಾತಾಡಿಸಲು ಬರುವವರು ಬರಿಗೈಯಲ್ಲಿ ಬರುವುದಿಲ್ಲ. ಹಣ್ಣು ತರುತ್ತಾರೋ ಇಲ್ಲವೋ, ಒಂದು ಕಾರಣವನ್ನಂತೂ ತಂದೇ ತರುತ್ತಾರೆ. ಮೊನ್ನೆ ನನ್ನ ಮೊಣಕಾಲು ಹಿಡಿದುಕೊಂಡಾಗ ಪಕ್ಕದ ಮನೆಯವರು ಬಂದು, ನಾನು ಬದನೆಕಾಯಿ ತಿಂದದ್ದೇ ತಪ್ಪು ಎಂದರು. ಎದುರು ಮನೆಯವರು, ನಸುಕಿನಲ್ಲಿ ತಣ್ಣೀರು ಮುಟ್ಟುವುದೇ ಇದಕ್ಕೆಲ್ಲ ಮೂಲ ಎಂದರು. ಹಾಲು ಹಾಕುವವಳು ಮಾತ್ರ ನನ್ನನ್ನು ಮೇಲಿಂದ ಕೆಳಗೆ ನೋಡಿ, "ವಯಸ್ಸ ಆಗ್ಯಾದಲ್ರಿ ಬಾಯಿ" ಎಂದಳು. ಮೂವರಲ್ಲಿ ಅವಳ ಮಾತೇ ಸರಿಯಾಗಿತ್ತು. ಅದಕ್ಕೇ ನನಗೆ ಅವಳ ಮೇಲೆ ಸ್ವಲ್ಪ ಸಿಟ್ಟು ಬಂತು.

ಬೇರೆಯವರನ್ನು ನೋಡಿ ನಗುವ ಅಧಿಕಾರ ನನಗಿಲ್ಲ. ಬಾಳಿನ ಬಹುಪಾಲು ನಾನೂ ಕಾರಣ ಹುಡುಕುವುದರಲ್ಲೇ ಕಳೆದವಳು. ವ್ಯತ್ಯಾಸವೆಂದರೆ ನನಗೆ ಅದಕ್ಕೆ ಸರ್ಕಾರ ಸಂಬಳ ಕೊಡುತ್ತಿತ್ತು. ನಾನು ನರ್ಸು; ನಮ್ಮ ಕಡೆ ನರ್ಸನ್ನು ಬಾಯಿ ಎನ್ನುತ್ತಾರೆ. ಹೈದರಾಬಾದಿನ ನರ್ಸುಗಳ ವಸತಿಗೃಹದಲ್ಲಿ ಗಂಟೆಯ ಸದ್ದಿಗೆ ಏಳುವುದು, ಗಂಟೆಯ ಸದ್ದಿಗೆ ಉಣ್ಣುವುದು, ಹಾಸಿಗೆಯ ಮೂಲೆಯನ್ನು ಲಕೋಟೆಯ ಹಾಗೆ ಮಡಚುವುದು ಕಲಿತೆ. ಅದಕ್ಕೂ ಮೊದಲು ವಾಡಿ ಜಂಕ್ಷನ್ನಿನಲ್ಲಿ ಹಳಿ ಬದಲಿಸುವ ಕೆಲಸದಲ್ಲಿದ್ದ ಅಪ್ಪನ ಮನೆಯಲ್ಲಿ ಬೆಳೆದೆ. ನಮ್ಮ ಮನೆಯಲ್ಲಿ ಗಡಿಯಾರ ಇರಲಿಲ್ಲ. ಮದ್ರಾಸಿನ ಗಾಡಿ ಹೋಯಿತೆಂದರೆ ಒಲೆ ಹೊತ್ತಿಸಬೇಕು, ಮುಂಬಯಿಯ ಗಾಡಿ ಬಂತೆಂದರೆ ಉಂಡು ಏಳಬೇಕು. ಗಾಡಿ ತಡವಾದ ದಿನ ನಮ್ಮ ಹಸಿವೂ ತಡವಾಗುತ್ತಿತ್ತು. ಹೀಗೆ ಎರಡು ಕಡೆಯಿಂದ ಕಟ್ಟಿ ಬೆಳೆಸಿದ್ದರಿಂದ, ಕಾಯಿಲೆ ಬರುವುದು ಶಿಸ್ತಿಲ್ಲದವರಿಗೆ ಮಾತ್ರ ಎಂಬ ಗಟ್ಟಿ ನಂಬಿಕೆ ನನ್ನಲ್ಲಿ ಕುಳಿತುಬಿಟ್ಟಿತ್ತು. ಆ ನಂಬಿಕೆಯ ಜೊತೆಗೇ, ಹೈದರಾಬಾದ್ ರಾಜ್ಯ ಕೈಬದಲಾಗಿ ಮೂರ್ನಾಲ್ಕು ವರ್ಷವಾಗಿದ್ದಾಗ, ಚಿತ್ತಾಪುರದ ಸರ್ಕಾರಿ ದವಾಖಾನೆಗೆ ಬಂದೆ.

ಆಗ ನಮ್ಮ ಸೀಮೆಯಲ್ಲಿ ರೋಗಗಳಿಗೇನೂ ಬರವಿರಲಿಲ್ಲ. ಶಹಾಬಾದಿನ ಕಲ್ಲುಗಣಿಯಿಂದ ಬೆನ್ನು ಹಿಡಿದವರು ಬರುತ್ತಿದ್ದರು. ಸೇಡಂ ಕಡೆಯ ಹಳ್ಳಿಗಳಿಂದ ಹೊಟ್ಟೆ ನುಲಿಯುವವರು ಬರುತ್ತಿದ್ದರು. ಚಿಂಚೋಳಿಯ ಕಡೆಯಿಂದ ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ತಂದವರ ಕಣ್ಣು ಅರಿಸಿನ ಕಲಸಿದ ಹಾಗಿರುತ್ತಿತ್ತು. ಎಲುಬು, ಹೊಟ್ಟೆ, ಪಿತ್ತಜನಕಾಂಗ: ಈ ಮೂರೇ ನಮ್ಮ ದವಾಖಾನೆಯನ್ನು ನಡೆಸುತ್ತಿದ್ದವು ಎಂದರೂ ಸುಳ್ಳಲ್ಲ. ಈ ಮೂರನ್ನೂ ಒಂದೇ ಸೂರಿನ ಕೆಳಗೆ ನೋಡುವ ಯೋಗ ನನಗೆ ಒಂದು ಮನೆಯಲ್ಲಿ ಬಂತು. ಸೂರು ಎಂಬ ಮಾತನ್ನು ಸುಮ್ಮನೆ ಹೇಳುತ್ತಿಲ್ಲ. ಇಡೀ ಕತೆ ಆ ಸೂರಿನದೇ.

ಮನೆ ಸಿದ್ರಾಮಪ್ಪ ಸಾಹುಕಾರರದು. ಶಹಾಬಾದಿನಲ್ಲಿ ಅವರಿಗೆ ಕಲ್ಲಿನ ಗಣಿ ಇತ್ತು. ನಾವು ಪರಸಿ ಎನ್ನುವ, ನೆಲಕ್ಕೆ ಹಾಸುವ ಕಲ್ಲಿನ ವ್ಯಾಪಾರ. ಮಗ ಶರಣಪ್ಪ ಅಲ್ಲೇ ಇದ್ದು ಕೆಲಸ ನೋಡಿಕೊಂಡು, ಸಂತೆಯ ಹಿಂದಿನ ದಿನ ರೈಲಿನಲ್ಲಿ ಊರಿಗೆ ಬರುತ್ತಿದ್ದ. ನಾನು ಆ ಮನೆಗೆ ಹೋಗತೊಡಗಿದ್ದು ಸಾಹುಕಾರರ ತೋಳಿನ ಗಾಯ ತೊಳೆಯುವುದಕ್ಕೆ. ಅವರಿಗೆ ಕಾಮಣಿಯಾಗಿತ್ತು. ಪುಸ್ತಕದಲ್ಲಿ ಕಾಮಾಲೆ ಎಂದು ಬರೆಯುವುದನ್ನು ನಮ್ಮ ಕಡೆ ಕಾಮಣಿ ಎನ್ನುತ್ತಾರೆ. ಊರಿನ ಪದ್ಧತಿಯಂತೆ ಮೊದಲು ಚುಟಿಗೆ ಹಾಕಿಸಿದ್ದರು, ಎಂದರೆ ಕಾಯಿಸಿದ ಕಬ್ಬಿಣದಿಂದ ತೋಳಿಗೆ ಬರೆ ಎಳೆಸಿದ್ದರು. ಕಾಮಣಿ ತನ್ನ ಪಾಡಿಗೆ ತಾನು ಇಳಿಯುತ್ತಿತ್ತು. ಬರೆ ಮಾತ್ರ ಕೀವು ತುಂಬಿ ಏರುತ್ತಿತ್ತು.

ಕಾಮಣಿಗೆ ಊರು ಕೊಟ್ಟ ಕಾರಣ ಒಂದೇ: ಸಾಹುಕಾರರು ಕದ್ದು ಶಿಂದಿ, ಎಂದರೆ ಈಚಲ ಹೆಂಡ, ಕುಡಿಯುತ್ತಾರೆ. ಪಾಪ, ಅವರು ವಿಭೂತಿ ಧರಿಸದೆ ನೀರೂ ಮುಟ್ಟದ ಮನುಷ್ಯ.

"ಆ ಗಿಡದ ನೆರಳಿಗಿ ಸುದ್ದಾ ನಿಂತಾಂವಲ್ರಿ ನಾ" ಎಂದು ಅವರು ನನ್ನೆದುರು ತೋಳು ಚಾಚಿ ಕುಳಿತು ಹೇಳಿಕೊಳ್ಳುತ್ತಿದ್ದರು.

ಒಳಗಿನಿಂದ ಅವರ ಹೆಂಡತಿ ಮಲ್ಲಮ್ಮನವರ ದನಿ ಬರುತ್ತಿತ್ತು: "ಹಂಗಾರ ಕಣ್ಣ ಯಾಕ ಹಳದಿ ಆಗ್ಯಾವಂತ ಕೇಳ್ರಿ ಬಾಯಿ. ದೇವ್ರು ಬಣ್ಣ ಹಚ್ಚಿ ಹೋದ್ನೇನು?"

"ಹೈದರಾಬಾದಿಗಿ ಹೋದಾಗ ಹೋಟೆಲದಾಗ ಚಾ ಕುಡದೀನಿ. ಅಷ್ಟೇ."

"ಚಾ ಕುಡದ ಯಾರ ಹಳದಿ ಆಗ್ಯಾರ? ಹಂಗಿದ್ರ ಈ ಊರೆಲ್ಲ ಚೆಂಡ ಹೂವಿನ ತ್ವಾಟ ಆಗತಿತ್ತು."

ನಾನು ಸುಮ್ಮನೆ ಬಟ್ಟೆ ಕಟ್ಟುತ್ತಿದ್ದೆ. ನನಗೆ ಬೇರೆಯದೇ ಗುಮಾನಿ ಇತ್ತು. ಅದೇ ಓಣಿಯಲ್ಲಿ ಇನ್ನೂ ಕೆಲವರ ಕಣ್ಣು ಹಳದಿಯಾಗಿತ್ತು. ಅದರಲ್ಲಿ ಒಂದು ಹಾಲುಗೂಸೂ ಇತ್ತು, ಅದಂತೂ ಶಿಂದಿ ಕುಡಿದಿರಲಾರದು. ಎಲ್ಲರೂ ನೀರು ಸೇದುತ್ತಿದ್ದದ್ದು ಮೂಲೆಯ ಒಂದೇ ಬಾವಿಯಲ್ಲಿ. ಊರಿನ ಉಳಿದ ಬಾವಿಗಳೆಲ್ಲ ಸವಳು. ಇದೊಂದರ ನೀರು ಸಿಹಿ. ಸಿಹಿನೀರಿನ ಬಾವಿಯ ಮೇಲೆ ಯಾರು ಅನುಮಾನ ಪಡುತ್ತಾರೆ? ಬಚ್ಚಲಿನ ನೀರು ಹರಿಯುವ ಕಾಲುವೆ ಅದರ ಕಟ್ಟೆಗೆ ಅಂಟಿಕೊಂಡೇ ಹೋಗುತ್ತಿತ್ತು. ನಾನು ಬಾವಿಗೆ ಔಷಧ ಹಾಕಿಸಿದಾಗ ಓಣಿಯ ಹೆಂಗಸರು ನನ್ನನ್ನು ಬೈದರು. ಬಾವಿಯ ರುಚಿ ಕೆಡಿಸಿದವಳು ಎಂಬ ಹೆಸರು ನನಗೆ ಬಹಳ ಕಾಲ ಇತ್ತು. ಸಾಹುಕಾರರಿಗೆ ಇದರಿಂದ ದೊಡ್ಡ ಸಮಾಧಾನವಾಯಿತು. ಬಾವಿಯ ಸುದ್ದಿಯನ್ನು ಅವರು ಬಾಗಿಲಿಗೆ ಬಂದವರಿಗೆಲ್ಲ ಹೇಳಿದರು. ಯಾರೂ ನಂಬಲಿಲ್ಲ. ನೀರು ಎಂಬ ಕಾರಣದಲ್ಲಿ ರುಚಿಯಿಲ್ಲ. ಶಿಂದಿ ಎಂಬ ಕಾರಣದಲ್ಲಿ ಇದೆ.

ಮಲ್ಲಮ್ಮನವರದು ಹೊಟ್ಟೆಯ ಬಾಧೆ. ಎದೆಯ ಕೆಳಗೆ ಉರಿ, ಹುಳಿತೇಗು, ಬಾಯಿಗೆ ಬರುವ ಕಹಿ. ಅವರು ಅದಕ್ಕೆ ವಾಯು ಎಂದು ಹೆಸರಿಟ್ಟು, ಸೋಡಾಪುಡಿ ನೆಕ್ಕುತ್ತ ಹತ್ತು ಹನ್ನೆರಡು ವರ್ಷ ತಳ್ಳಿದ್ದರು. ಮಂದಾಗ್ನಿಯೇ ಎಲ್ಲ ರೋಗಗಳ ಮೂಲ ಎಂದು ನಮ್ಮ ಹಳೆಯ ವೈದ್ಯರು ಹೇಳುತ್ತಿದ್ದರು. ಹೊಟ್ಟೆಯಲ್ಲೊಂದು ಒಲೆ ಇದೆ, ಅದಕ್ಕೆ ಹೊತ್ತಿಗೆ ಸರಿಯಾಗಿ ಸೌದೆ ಹಾಕಬೇಕು ಎಂಬುದು ಅದರ ತಾತ್ಪರ್ಯ. ಆ ಮನೆಯಲ್ಲಿ ಸೌದೆ ಹಾಕುವ ಹೊತ್ತನ್ನು ನಿರ್ಧರಿಸುತ್ತಿದ್ದವರು ಬೇರೆ ಯಾರೋ. ಸಾಹುಕಾರರು ಪೇಟೆಯಿಂದ ಬಂದು ಉಂಡ ಮೇಲೆ ಮಲ್ಲಮ್ಮ ಉಣ್ಣಬೇಕು. ಮಲ್ಲಮ್ಮ ಉಂಡ ಮೇಲೆ ಸೊಸೆ ಉಣ್ಣಬೇಕು. ಸಾಹುಕಾರರಿಗೆ ಪೇಟೆಯಲ್ಲಿ ಗಿರಾಕಿ ಸಿಕ್ಕರೆ ಇತ್ತ ಎರಡು ಹೊಟ್ಟೆಗಳು ಬಿಸಿಲು ಇಳಿಯುವ ತನಕ ಕಾಯುತ್ತಿದ್ದವು. ಆ ಕಾಯುವಿಕೆಯನ್ನು ಮಲ್ಲಮ್ಮ ಬರೀ ಚಹಾದಿಂದ ದೂಡಿ, ಕೊನೆಗೆ ರೊಟ್ಟಿಯ ಜೊತೆ ಕೆಂಪು ಖಾರಕ್ಕೆ ಎಣ್ಣೆ ಹಾಕಿ ಕಲಸಿಕೊಂಡು ಉಣ್ಣುತ್ತಿದ್ದರು.

ನಾನು ನನ್ನ ವಾಡಿಕೆಯ ಉಪದೇಶ ಮಾಡಿದೆ. "ಅವ್ವಾರ, ನಾ ನೋಡ್ರಿ, ಮಧ್ಯಾಹ್ನ ಹನ್ನೆರಡಕ್ಕ ಊಟ ಅಂದ್ರ ಹನ್ನೆರಡಕ್ಕೇ."

"ನಿಮಗೇನವ್ವ, ಗಂಡ ಇಲ್ಲ" ಎಂದರು ಮಲ್ಲಮ್ಮ, ಬಹಳ ಸಹಜವಾಗಿ. ನನ್ನ ಶಿಸ್ತಿನ ಗುಟ್ಟನ್ನು ಅಷ್ಟು ಚಿಕ್ಕ ಮಾತಿನಲ್ಲಿ ಅದುವರೆಗೆ ಯಾರೂ ಹೇಳಿರಲಿಲ್ಲ.

ಇನ್ನು ಎಲುಬಿನ ಮಾತು. ಒಂದು ದಿನ ಗಾಯ ತೊಳೆಯುವುದಕ್ಕೆ ಬಿಸಿನೀರು ಬೇಕೆಂದೆ. ಸೊಸೆ ಕಾಶಮ್ಮ ತಂದಳು. ಒಂದು ಕೈಯಲ್ಲಿ ತಂಬಿಗೆ. ಇನ್ನೊಂದು ಕೈ ಗೋಡೆಯ ಮೇಲೆ. ಬಾತುಕೋಳಿಯ ಹಾಗೆ ಆಚೀಚೆ ವಾಲುತ್ತ ನಡೆದಳು. ತಂಬಿಗೆ ಇಡಲು ಬಗ್ಗಿದವಳು ಏಳುವಾಗ ತನ್ನ ತೊಡೆಯನ್ನೇ ಊರಿಕೊಂಡು ಎದ್ದಳು. ವಯಸ್ಸು ಇಪ್ಪತ್ತರ ಆಸುಪಾಸು. ಬಸುರಿ, ಹೊಟ್ಟೆ ಆಗತಾನೇ ಕಾಣತೊಡಗಿತ್ತು. ಬಸುರಿನ ನಡಿಗೆ ನನಗೆ ಗೊತ್ತು; ಇದು ಅದಲ್ಲ.

"ಎಷ್ಟ ದಿನದಿಂದ ಹಿಂಗ ನಡೀಲಿಕತ್ತಿ ತಂಗಿ?" ಎಂದು ಕೇಳಿದೆ.

ಅವಳು ಅತ್ತೆಯ ಮುಖ ನೋಡಿದಳು. ಮಲ್ಲಮ್ಮನೇ ಉತ್ತರ ಕೊಟ್ಟರು. "ಅಕಿದು ಮೈಗಳ್ಳತನರಿ. ತವರಮನಿ ಕುರಕುಂಟಾದಾಗ ಹೊಲದಾಗ ದುಡದಾಕಿ. ಇಲ್ಲಿ ಬಂದು ಕುಂತು ಉಂಡು ಸೊಂಟ ಹಿಡಕೊಂಡಾಳ. ಅಕಿ ಬಂದಾಗಿಂದ ಹೊಸ್ತಿಲಾ ದಾಟಿಸಿಲ್ಲ ನಾವು. ನಮ್ಮ ಮನಿ ಸೊಸೆದೇರ ಮುಖ ಸೂರ್ಯಾನೂ ನೋಡಿಲ್ಲ."

ಈ ಕೊನೆಯ ಮಾತನ್ನು ಅವರು ಎಷ್ಟು ಹೆಮ್ಮೆಯಿಂದ ಹೇಳಿದರೆಂದರೆ, ನಾನು ತಲೆ ಎತ್ತಿ ನೋಡಿದೆ. ಅದು ಮನೆಯ ನಡುವಿನ ಅಂಗಳ. ನಮ್ಮ ಕಡೆಯ ಮನೆಗಳಲ್ಲಿ ಅಂಗಳದ ಮೇಲೆ ಆಕಾಶ ಇರುತ್ತದೆ. ಈ ಅಂಗಳದ ಮೇಲೆ ತೊಲೆಗಳಿದ್ದವು. ತೊಲೆಗಳ ಮೇಲೆ ಸಾಲಾಗಿ ಪರಸಿ ಕಲ್ಲು. ಹಗಲು ಹೊತ್ತಿನಲ್ಲೂ ಗೂಡಿನಲ್ಲಿ ಚಿಮಣಿ ದೀಪ ಉರಿಯುತ್ತಿತ್ತು. ಅಷ್ಟು ದಿನ ಅಲ್ಲಿ ಕುಳಿತು ಗಾಯ ತೊಳೆದಿದ್ದರೂ, ಬೆಳಕಿಲ್ಲವೆಂದು ಗೊಣಗಿದ್ದೆನೇ ಹೊರತು ಬೆಳಕು ಎಲ್ಲಿ ಹೋಯಿತೆಂದು ಕೇಳಿರಲಿಲ್ಲ.

ಕೇಳಿದಾಗ ಸಾಹುಕಾರರು ಹೇಳಿದರು. ರಾಜ್ಯ ಕೈಬದಲಾಗುವ ಮುಂಚಿನ ಹಾವಳಿಯ ವರ್ಷ, ಲೂಟಿ ಮಾಡುವವರು ಮಾಳಿಗೆಯ ಮೇಲಿಂದ ಅಂಗಳಕ್ಕೆ ಇಳಿಯುತ್ತಾರೆಂದು ಊರೆಲ್ಲ ನಡುಗುತ್ತಿತ್ತು. ಆಗ ಅವರು ತಮ್ಮ ಗಣಿಯಿಂದ ಆಯ್ದ ಕಲ್ಲು ತರಿಸಿ ಅಂಗಳ ಮುಚ್ಚಿಸಿದರು. ಕಿಟಕಿಗಳಿಗೆ ಇಟ್ಟಿಗೆ ಕಟ್ಟಿಸಿದರು. ಅದೇ ವರ್ಷ ಶರಣಪ್ಪನ ಮದುವೆ. ಕಾಶಮ್ಮ ಆ ಕಲ್ಲಿನ ಕೆಳಗೇ ಮನೆ ತುಂಬಿದಳು. ಮುಂದೆ ಮಿಲಿಟರಿ ಬಂತು, ಹಾವಳಿ ನಿಂತಿತು, ಪೇಟೆ ತೆರೆಯಿತು. ಕಲ್ಲು ಮಾತ್ರ ಹಾಗೆಯೇ ಉಳಿಯಿತು. ಭಯ ಹೋದ ಮೇಲೂ ಭಯ ಕಟ್ಟಿದ ಗೋಡೆ ಉಳಿಯುತ್ತದೆ. ಯಾಕೆಂದರೆ ಅದನ್ನು ಕೆಡವುವುದಕ್ಕೆ ಕೂಲಿ ಕೊಡಬೇಕು.

ಸಂಸ್ಕೃತದಲ್ಲಿ ಅಸೂರ್ಯಂಪಶ್ಯಾ ಎಂಬ ಶಬ್ದವಿದೆ. ಸೂರ್ಯನನ್ನೂ ನೋಡದವರು ಎಂದರ್ಥ. ರಾಜರ ಅಂತಃಪುರದ ಹೆಂಗಸರನ್ನು ಹೊಗಳುವ ಮಾತು. ಹೊಗಳಿದ ಪಂಡಿತರು ಆ ರಾಣಿಯರ ಸೊಂಟನೋವಿನ ಬಗ್ಗೆ ಏನೂ ಬರೆದಿಟ್ಟಿಲ್ಲ. ಬಿಸಿಲು ತಾಗದ ಮೈಯಲ್ಲಿ ಎಲುಬು ಸುಣ್ಣ ಹಿಡಿಯುವುದಿಲ್ಲ. ಬೆಳೆಯುವ ಮಕ್ಕಳಲ್ಲಿ ಕಾಲು ಬಿಲ್ಲಿನಂತೆ ಬಾಗುತ್ತದೆ. ಬೆಳೆದ ಹೆಂಗಸರಲ್ಲಿ ಸೊಂಟದ ಎಲುಬು ಮೆತ್ತಗಾಗಿ, ಮೇಲಿನ ಭಾರಕ್ಕೆ ಒಳಕ್ಕೆ ಕುಸಿಯುತ್ತದೆ. ಬಸುರಿನಲ್ಲಿ ಕೂಸು ತನ್ನ ಎಲುಬಿಗಾಗಿ ತಾಯಿಯ ಎಲುಬಿನಿಂದ ಎಳೆದುಕೊಳ್ಳುತ್ತದೆ. ಹೆರಿಗೆಯ ಹೊತ್ತಿಗೆ ಕೂಸು ಹೊರಬರುವ ದಾರಿಯೇ ಇಕ್ಕಟ್ಟಾಗಿರುತ್ತದೆ.

ಕಾಶಮ್ಮನಿಗೆ ಇದು ಎರಡನೆಯ ಬಸುರು. ಮೊದಲನೆಯದು ಎರಡು ದಿನ ನೋವು ತಿಂದ ಮೇಲೆ ಸತ್ತೇ ಹುಟ್ಟಿತ್ತು. ಅದಕ್ಕೂ ಮನೆಯಲ್ಲಿ ಒಂದು ಕಾರಣ ಸಿದ್ಧವಿತ್ತು. ಗ್ರಹಣದ ಹೊತ್ತಿನಲ್ಲಿ ಅವಳು ಈಳಿಗೆ ಮಣೆಯ ಮುಂದೆ ಕುಳಿತು ಕಾಯಿಪಲ್ಲೆ ಹೆಚ್ಚಿದ್ದಳಂತೆ. ಸೂರ್ಯನೇ ಕಾಣದ ಮನೆಯಲ್ಲಿ ಗ್ರಹಣ ಮಾತ್ರ ಹೇಗೆ ಕಂಡಿತೋ ನಾನರಿಯೆ. ಅಂದಿನಿಂದ ಅವಳು ಈಳಿಗೆ ಮುಟ್ಟಿರಲಿಲ್ಲ. ಅವಳ ಮುಂದೆ ಯಾರಾದರೂ ಕಾಯಿಪಲ್ಲೆ ಹೆಚ್ಚಿದರೆ ಎದ್ದು ಹೋಗುತ್ತಿದ್ದಳು. ಕಾರಣಗಳನ್ನು ಕುರಿತು ನಾನು ಇಲ್ಲಿಯ ತನಕ ಹಗುರವಾಗಿ ಬರೆದೆ. ಆದರೆ ತಪ್ಪು ಕಾರಣ ಗಾಳಿಯಲ್ಲಿ ತೇಲಿ ಹೋಗುವ ವಸ್ತುವಲ್ಲ. ಅದು ಯಾರದಾದರೂ ಹೆಗಲು ಹುಡುಕಿಕೊಂಡು ಕುಳಿತುಬಿಡುತ್ತದೆ. ಆ ಮನೆಯಲ್ಲಿ ಅದು, ಮೊದಲೇ ಬಾಗುತ್ತಿದ್ದ ಎಲುಬಿನ ಮೇಲೆ ಕುಳಿತಿತ್ತು.

ದವಾಖಾನೆಯ ಡಾಕ್ಟರ್ ಸಾಹೇಬರು ಹೈದರಾಬಾದಿನವರು, ಹಿರಿಯರು, ಸೌಮ್ಯ ಸ್ವಭಾವದವರು. ಮಲ್ಲಮ್ಮನವರನ್ನು ಹೇಗೋ ಒಪ್ಪಿಸಿ, ಪರದೆ ಕಟ್ಟಿದ ಟಾಂಗಾದಲ್ಲಿ ಕಾಶಮ್ಮನನ್ನು ಕರೆತಂದು ತೋರಿಸಿದೆ. ಅವರು ನೋಡಿ, ಎಲುಬು ಮೆತ್ತಗಾಗಿದೆ, ಇನ್ನೂ ಪೂರ್ತಿ ಬಾಗಿಲ್ಲ, ಈ ಸಲದ ಹೆರಿಗೆ ಗುಲಬರ್ಗಾದ ಆಸ್ಪತ್ರೆಯಲ್ಲೇ ಆಗಬೇಕು ಎಂದರು. ಅಲ್ಲಿಯ ತನಕ ಎಲುಬು ಗಟ್ಟಿಯಾಗದಿದ್ದರೆ ತಾಯಿ ಮತ್ತು ಕೂಸು ಇಬ್ಬರ ಬಗ್ಗೆಯೂ ತಾನು ಏನೂ ಹೇಳಲಾರೆ ಎಂದರು. ಆಮೇಲೆ ಕಪಾಟಿನಿಂದ ಒಂದು ಶೀಶೆ ತೆಗೆದು ನನ್ನ ಕೈಗೆ ಕೊಟ್ಟರು. ಮೀನಿನ ಪಿತ್ತಜನಕಾಂಗದಿಂದ ತೆಗೆದ ಎಣ್ಣೆ. ಬಿಸಿಲು ಮಾಡುವ ಕೆಲಸವನ್ನು ಅದೂ ಮಾಡುತ್ತದೆ.

"ಸಾಹೇಬ್ರೆ, ಅವರು ಲಿಂಗವಂತರು" ಎಂದೆ.

"ಮಾಲೂಮ್ ಅದ ಬಾಯಿ. ದವಾ ಕಾ ತೇಲ್ ಅಂತ ಹೇಳ್ರಿ, ಬಸ್. ಹುಡುಗಿ ಜಾನ್ ದೊಡ್ಡದೋ, ನಿಮ್ಮ ಸಚ್ ದೊಡ್ಡದೋ?"

ಔಷಧದ ಎಣ್ಣೆ ಎಂದಷ್ಟೇ ಹೇಳಿ ನಿಜ ಮುಚ್ಚಿಡಿ ಎಂಬುದು ಅವರ ಮಾತಿನ ಅರ್ಥ. ಅವರು ಕೆಟ್ಟ ಮಾತು ಹೇಳಲಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆನೇನೋ. ದವಾಖಾನೆಯಿಂದ ಸಾಹುಕಾರರ ಮನೆಯ ತನಕ ನಾನು ಆ ಶೀಶೆಯನ್ನು ಸೆರಗಿನಲ್ಲಿ ಹಿಡಿದುಕೊಂಡು ನಡೆದೆ. ಆ ಹುಡುಗಿಯ ಜೀವ ದೊಡ್ಡದೇ. ಆದರೆ ಬಾಯಿಗೆ ಹಾಕಿಕೊಳ್ಳುವವಳು ಅವಳು, ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು ಅವಳು. ಗ್ರಹಣದ ಕಾರಣವನ್ನು ಅವಳನ್ನು ಕೇಳದೆಯೇ ಅವಳ ತಲೆಗೆ ಕಟ್ಟಿದ್ದರು. ಈಗ ಔಷಧವನ್ನೂ ಅವಳಿಗೆ ತಿಳಿಸದೆಯೇ ಬಾಯಿಗೆ ಸುರಿಯುವುದಾದರೆ ನನಗೂ ಅವರಿಗೂ ಏನು ಅಂತರ? ಇಷ್ಟೆಲ್ಲ ಯೋಚಿಸುವ ಹೊತ್ತಿಗೆ ಮನೆ ಬಂತು. ನಿರ್ಧಾರ ಮಾತ್ರ ಬಂದಿರಲಿಲ್ಲ.

ನಿರ್ಧಾರವನ್ನು ಮಲ್ಲಮ್ಮನವರ ಮೂಗು ಮಾಡಿತು. ಬಿರಡೆ ತೆಗೆದದ್ದೇ ತಡ, ಅವರು ಸೆರಗು ಮೂಗಿಗೆ ಹಿಡಿದರು. "ಇದೇನ ವಾಸನಿರಿ ಬಾಯಿ? ಏನಿನ ಎಣ್ಣಿ ಇದು?"

ಕಾಶಮ್ಮ ಬಾಗಿಲ ಸಂದಿಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

"ಮೀನಿಂದರಿ" ಎಂದೆ.

ಮಲ್ಲಮ್ಮ ಸೆರಗು ಕೆಳಗಿಳಿಸಿ, ಸಿಟ್ಟಿಲ್ಲದೆ, ಬಹಳ ಮೆಲ್ಲಗೆ ಹೇಳಿದರು: "ಸೋಮವಾರ ನಮ್ಮ ಮನ್ಯಾಗ ಉಳ್ಳಾಗಡ್ಡಿ ಸುದ್ದಾ ಹೆಚ್ಚಂಗಿಲ್ಲ. ನೀವು ಮೀನಾ ತಂದೀರಿ."

"ಒಲ್ಲಿರಂದ್ರ ಬಿಡ್ರಿ ಅವ್ವಾರ. ಇನ್ನೊಂದ ಔಷಧ ಅದ. ಅದಕ್ಕ ವಾಸನಿ ಇಲ್ಲ, ರೊಕ್ಕ ಇಲ್ಲ, ಜಾತಿ ಇಲ್ಲ. ಆದ್ರ ಅದಕ್ಕ ನಿಮ್ಮ ಮನಿಯೊಳಗ ಬರಲಾಕ ದಾರಿ ಇಲ್ಲ" ಎಂದು ನಾನು ಮೇಲೆ ಕಲ್ಲಿನ ಕಡೆ ಕೈ ತೋರಿಸಿದೆ.

ಅವರಿಗೆ ಅರ್ಥವಾಗಲು ತಡವಾಗಲಿಲ್ಲ. ಆದರೆ ಅವರು ಕೇಳಿದ್ದು ಕಲ್ಲಿನ ಮಾತನ್ನಲ್ಲ. "ಮೊದಲನೇ ಕೂಸು ಹೋಯ್ತಲ್ರಿ ಬಾಯಿ. ಅದೂ ಇದಕ್ಕೇ ಏನು?"

ಹೌದೆಂದರೆ ಇಷ್ಟು ದಿನ ಸೊಸೆಯ ಹೆಗಲ ಮೇಲಿದ್ದದ್ದನ್ನು ಎತ್ತಿ ಅತ್ತೆಯ ಹೆಗಲ ಮೇಲೆ ಇಟ್ಟಂತೆ. ಅಲ್ಲವೆಂದರೆ ಸುಳ್ಳು.

"ಇರಬಹುದ್ರಿ. ಖಾತ್ರಿ ಮಾಡಿ ಹೇಳಾಕ ಯಾರಿಗೂ ಬರಂಗಿಲ್ಲ. ಆದ್ರ ಈಳಿಗಿ ಮಣಿಯಿಂದ ಅಲ್ಲ. ಅದು ಖಾತ್ರಿ."

ಮಲ್ಲಮ್ಮ ಸೊಸೆ ನಿಂತಿದ್ದ ಬಾಗಿಲ ಕಡೆ ನೋಡಲಿಲ್ಲ. ಎದ್ದು ಒಳಗೆ ಹೋದರು. ನಾನು ಶೀಶೆಗೆ ಬಿರಡೆ ಹಾಕಿದೆ.

ಸಂತೆಯ ದಿನ ಹೋದಾಗ ಶರಣಪ್ಪ ಬಂದಿದ್ದ. ಅಂಗಳದಲ್ಲಿ ವಾದ ನಡೆದಿತ್ತು. ಸಾಹುಕಾರರು ಹೇಳುತ್ತಿದ್ದರು: "ತಗದ್ರ ಮುಗೀತು. ನಾಳಿ ಯಾರರ ಹಗ್ಗ ಬಿಟ್ಟು ಇಳದ್ರ?"

"ಇಳದ್ರ ಇಳೀಲಿ" ಎಂದರು ಮಲ್ಲಮ್ಮ. "ಆ ಮಂದಿ ಹೋಗಿ ಎಷ್ಟ ವರ್ಷ ಆಯ್ತು. ನೀವಿನ್ನಾ ಮ್ಯಾಲ ನೋಡಕೋತ ಮಲಗತೀರಿ. ಕಳ್ಳ ಬಂದ್ರ ಬಂಗಾರ ಒಯ್ತಾನ. ಬಂಗಾರ ಮತ್ತ ಮಾಡಸ್ತೀರಿ."

"ಎಂಥಾ ಕಲ್ಲ ಅವು ಗೊತ್ತದ ಏನ? ಒಂದೂ ಸೀಳಿಲ್ಲ. ಇಡೀ ಗಣ್ಯಾಗ ಆರಿಸಿ ತಂದೀನಿ."

"ಕಲ್ಲ ಗಟ್ಟಿ ಅವ ಖರೇ. ಎಲುಬ ಗಟ್ಟಿ ಇಲ್ಲ."

ಶರಣಪ್ಪ ಅಪ್ಪನ ಮುಂದೆ ಮಾತಾಡುವವನಲ್ಲ. ಅವನು ಸುಮ್ಮನೆ ಹೊರಗೆ ಹೋಗಿ, ಗಣಿಯಿಂದ ಜೊತೆಗೆ ಬಂದಿದ್ದ ಇಬ್ಬರು ಆಳುಗಳನ್ನು ಕರೆದ. ಹಾರೆ, ಹಗ್ಗ, ನಿಚ್ಚಣಿಕೆ ಆಗಲೇ ಬಾಗಿಲಲ್ಲಿದ್ದವು. ತಾಯಿ ಮಗ ಮೊದಲೇ ಮಾತಾಡಿಕೊಂಡಿದ್ದರೆಂದು ನನಗೆ ಆಗ ತಿಳಿಯಿತು. ಕೊನೆಗೆ ಒಂದು ರಾಜಿಯಾಯಿತು: ಒಂದೇ ಕಲ್ಲು ತೆಗೆಯುವುದು, ಆ ಜಾಗಕ್ಕೆ ಕಬ್ಬಿಣದ ಸರಳು ಕೂರಿಸುವುದು. ಸರಳಿನ ಸಂದಿಯಲ್ಲಿ ಬಿಸಿಲು ಇಳಿಯಬಹುದು, ಕಳ್ಳ ಇಳಿಯಲಾರ. ಸಾಹುಕಾರರು ಒಪ್ಪಿದರು, ಆದರೆ ಕಲ್ಲು ಇಳಿಸುವಾಗ ನೋಡಲಾರೆನೆಂದು ಪೇಟೆಗೆ ಹೋದರು.

ಕಲ್ಲು ಇಳಿಯಿತು. ಮೊದಲು ಮಣ್ಣು, ಆಮೇಲೆ ಧೂಳು, ಧೂಳಿನ ನಡುವೆ ಒಂದು ಬೆಳಕಿನ ಕಂಬ. ನೆಲದ ಮೇಲೆ ಬಾಗಿಲಿನಷ್ಟು ಅಗಲದ ಬಿಸಿಲು ಬಿತ್ತು. ಮಲ್ಲಮ್ಮ ಚಾಪೆ ಹಾಸಿ ಸೊಸೆಯನ್ನು ಕೂರಿಸಿದರು. ಕಾಶಮ್ಮ ಕಣ್ಣು ಕಿರಿದು ಮಾಡಿಕೊಂಡು ಬಹಳ ಹೊತ್ತು ಮೇಲೆ ನೋಡಿದಳು. "ಮುಗಲ ಇಷ್ಟ ನೀಲಿ ಇತ್ತೇನ್ರಿ ಅತ್ತಿ?" ಎಂದು ಕೇಳಿದಳು.

ನಾನು ನನ್ನ ಸ್ವಭಾವಕ್ಕೆ ತಕ್ಕಂತೆ ಒಂದು ವೇಳಾಪಟ್ಟಿ ಹೇಳಿಕೊಟ್ಟೆ. ಬೆಳಿಗ್ಗೆ ಎದ್ದ ಕೂಡಲೇ ಬಿಸಿಲಿಗೆ ಕೂರಬೇಕು, ಮತ್ತೆ ಸಂಜೆ. ಸೂರ್ಯ ನನ್ನ ವೇಳಾಪಟ್ಟಿಯನ್ನು ಒಪ್ಪಲಿಲ್ಲ. ಬೆಳಿಗ್ಗೆ ಸಂಜೆ ಅವನು ಓರೆಯಾಗಿರುತ್ತಿದ್ದರಿಂದ ಬಿಸಿಲು ಗೋಡೆಯ ಮೇಲೆ ಬೀಳುತ್ತಿತ್ತು. ನೆಲಕ್ಕೆ ಇಳಿಯುತ್ತಿದ್ದದ್ದು ನಡುಹಗಲ ಆಚೀಚೆ ಮಾತ್ರ. ಅದೂ ಒಂದು ಕಡೆ ನಿಲ್ಲುತ್ತಿರಲಿಲ್ಲ. ಬೀಸುವ ಕಲ್ಲಿನ ಬಳಿ ಹುಟ್ಟಿ, ನೀರಿನ ಹಂಡೆಯ ತನಕ ತೆವಳಿ, ಅಲ್ಲಿ ಆರಿಹೋಗುತ್ತಿತ್ತು. ಕಾಶಮ್ಮ ಚಾಪೆಯನ್ನು ಎಳೆದುಕೊಂಡು ಅದರ ಹಿಂದೆ ಹೋಗುತ್ತಿದ್ದಳು. ಗಂಟೆ ಬಾರಿಸಿ ರೋಗಿಗಳನ್ನು ಸಾಲಾಗಿ ಕೂರಿಸಲು ಕಲಿತ ನಾನು, ಬಿಸಿಲು ಬಂದಾಗ ಬರಲಿ ಎಂದು ಕಾಯುವುದನ್ನು ಆ ಅಂಗಳದಲ್ಲಿ ಕಲಿಯಬೇಕಾಯಿತು.

ಸೊಸೆ ಒಬ್ಬಳೇ ಕೂರಬಾರದೆಂದು ಮಲ್ಲಮ್ಮ ಕಾವಲಿಗೆ ಕುಳಿತರು. ಮೊದಲು ನೆರಳಿನಲ್ಲಿ. ಕೆಲವು ದಿನದ ಮೇಲೆ ಅವರ ಮೊಣಕಾಲು ಬಿಸಿಲಿಗೆ ಬಂದಿತ್ತು. ಆಮೇಲೆ ಇಡೀ ಮಲ್ಲಮ್ಮ ಬಂದರು. ಬಿಸಿಲಿದ್ದದ್ದು ಒಬ್ಬರಿಗೆ ಸಾಕಾಗುವಷ್ಟು. ಅತ್ತೆ ಸೊಸೆ ಒಬ್ಬರನ್ನೊಬ್ಬರು ಒತ್ತಿಕೊಂಡು ಕೂರುವಂತಾಯಿತು. ಹಾಗೆ ಕುಳಿತಾಗ ಹಸಿವಾಯಿತೆಂದು ಒಂದು ದಿನ ಅಲ್ಲೇ ರೊಟ್ಟಿ ತಂದುಕೊಂಡು ಉಂಡರು. ಸಾಹುಕಾರರು ಇನ್ನೂ ಪೇಟೆಯಲ್ಲಿದ್ದರು. ಗಂಡನಿಗಿಂತ ಮೊದಲು ಉಂಡದ್ದಕ್ಕೆ ಮಲ್ಲಮ್ಮ ತಾವೇ ಒಂದು ಸಮಾಧಾನ ಹುಡುಕಿಕೊಂಡರು: ಬಸುರಿ ಒಬ್ಬಳೇ ಉಂಡರೆ ಅವಳಿಗೆ ದೃಷ್ಟಿಯಾಗುತ್ತದೆ, ಅದಕ್ಕೆ ಜೊತೆಗೆ ಉಣ್ಣಬೇಕು. ಅದರ ಮರುದಿನವೂ ಉಂಡರು. ಮಲ್ಲಮ್ಮನವರ ಸೋಡಾಪುಡಿಯ ಡಬ್ಬಿ ಗೂಡಿನಲ್ಲಿ ಹಾಗೇ ಗಟ್ಟಿಯಾಗುತ್ತ ಬಂತು. ನಾನು ಅದರ ಬಗ್ಗೆ ಏನೂ ಕೇಳಲಿಲ್ಲ. ಕೇಳಿದ್ದರೆ ಅವರು ಮತ್ತೆ ನೆಕ್ಕತೊಡಗಿದರೂ ತೊಡಗಬಹುದಿತ್ತು.

ಒಂದು ದಿನ ಸಾಹುಕಾರರು ಇಬ್ಬರ ಇಕ್ಕಟ್ಟನ್ನು ನೋಡಿ, ಯಾರೂ ಹೇಳದೆಯೇ ಇನ್ನೆರಡು ಕಲ್ಲು ತೆಗೆಸಿದರು.

ಕಾಶಮ್ಮನ ನಡಿಗೆ ನೋಡನೋಡುತ್ತ ಬದಲಾಗಲಿಲ್ಲ. ಎಲುಬು ತನ್ನ ಹೊತ್ತು ತೆಗೆದುಕೊಳ್ಳುತ್ತದೆ. ಮೊದಲು ರಾತ್ರಿಯ ನೋವು ಕಡಿಮೆಯಾಯಿತೆಂದಳು. ಆಮೇಲೆ ಗೋಡೆ ಹಿಡಿಯುವುದು ಬಿಟ್ಟಳು. ದಿನ ತುಂಬುವ ಹೊತ್ತಿಗೆ ನೆಲದಿಂದ ಏಳುವಾಗ ತೊಡೆ ಊರುತ್ತಿರಲಿಲ್ಲ. ಆದರೂ ಗುಲಬರ್ಗಾಕ್ಕೆ ಹೊರಟ ದಿನ ರೈಲು ನಿಲ್ದಾಣದಲ್ಲಿ ಮಲ್ಲಮ್ಮ ನನ್ನ ಕೈ ಹಿಡಿದು, "ಬಾಯಿ, ಕೂಸಿನ ಮಾತ ಬ್ಯಾಡ. ಇಕಿ ಒಬ್ಬಾಕಿ ತಿರುಗಿ ಬಂದ್ರ ಸಾಕು" ಎಂದರು. ಸೊಸೆಗೆ ಕೇಳಿಸುವ ಹಾಗೆಯೇ ಹೇಳಿದರು. ಗ್ರಹಣದ ವಿಷಯದಲ್ಲಿ ಅವರು ಬೇರೇನೂ ಹೇಳಿದ್ದು ನನಗೆ ಗೊತ್ತಿಲ್ಲ. ಹೇಳುವ ಅಗತ್ಯವೂ ಆಮೇಲೆ ಉಳಿದಂತೆ ಕಾಣಲಿಲ್ಲ.

ಹೆರಿಗೆ ಸುಲಭವಾಗಿರಲಿಲ್ಲ. ಇಕ್ಕಳ ಹಾಕಿ ತೆಗೆಯಬೇಕಾಯಿತಂತೆ. ಕೂಸು ಅತ್ತಿತು, ತಾಯಿ ಕಣ್ಣು ಬಿಟ್ಟಳು. ಹೆಣ್ಣು ಕೂಸು.

ಅವರು ಊರಿಗೆ ಬಂದಾಗ ಓಣಿಯ ಹೆಂಗಸರೆಲ್ಲ ಸೇರಿದರು. ನಾನೂ ಹೋಗಿದ್ದೆ. ಕಾಶಮ್ಮ ಬಿಸಿಲಿನಲ್ಲಿ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ಹೆಂಗಸರು ಕಾರಣ ಕೇಳುವುದನ್ನು ಬಿಡುತ್ತಾರೆಯೇ? ಎಲ್ಲಿಯ ಔಷಧ, ಯಾವ ಡಾಕ್ಟರು, ಏನು ಹರಕೆ ಎಂದು ಶುರುವಾಯಿತು.

ಮಲ್ಲಮ್ಮ ನೆಟ್ಟಗೆ ಕುಳಿತು ಹೇಳಿದರು: "ಔಷಧಾ ಗಿವಷಧಾ ಏನಿಲ್ಲ. ಬಾಯಿ ಮೀನಿನ ಎಣ್ಣಿ ತಂದಿದ್ರು. ನಾ ಒಲ್ಲೆ ಅಂದೆ. ಧರ್ಮ ಬಿಡಲಿಲ್ಲ ನಾವು, ಧರ್ಮ ನಮ್ಮನ್ನ ಕಾಯ್ತು. ಅದೇ ಕಾರಣ. ಬೇಕಾದ್ರ ಬಾಯಿನ್ನೇ ಕೇಳ್ರಿ."

ಎಲ್ಲರೂ ನನ್ನ ಕಡೆ ತಿರುಗಿದರು. ಬಿಸಿಲು, ಸುಣ್ಣ, ಎಲುಬು ಎಂದು ನಾನು ಓದಿದ್ದೆಲ್ಲ ನಾಲಗೆಯ ತುದಿಗೆ ಬಂತು. ಓಣಿಗೆಲ್ಲ ಬೇಕಾದ ಪಾಠ ಅದು. ಮುಂದೆ ಮನೆಮನೆಗೆ ಹೋಗಿ ಅದನ್ನು ಹೇಳಿದ್ದೇನೆ ಕೂಡ. ಆದರೆ ಆ ಗಳಿಗೆಯಲ್ಲಿ ಲೆಕ್ಕ ಹಾಕಿ ನೋಡಿದೆ. ಡಾಕ್ಟರ್ ಸಾಹೇಬರ ಮಾತು ಕೇಳಿ ನಾನು ಬಾಯಿ ಮುಚ್ಚಿಕೊಂಡಿದ್ದರೆ, ಮಲ್ಲಮ್ಮ ಮೂಗು ಮುಚ್ಚಿಕೊಂಡು ಒಪ್ಪಿಬಿಟ್ಟಿದ್ದರೆ, ಕಾಶಮ್ಮ ಆ ಕತ್ತಲೆಯಲ್ಲೇ ಕುಳಿತು ಎಣ್ಣೆ ಕುಡಿಯುತ್ತಿದ್ದಳು. ಎಲುಬು ಗಟ್ಟಿಯಾಗುತ್ತಿತ್ತೋ ಏನೋ. ಶೀಶೆ ಮುಗಿಯುತ್ತಿತ್ತು, ಕಲ್ಲು ಇದ್ದಲ್ಲೇ ಇರುತ್ತಿತ್ತು, ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದ ಆ ಕೂಸು ಕಲ್ಲಿನ ಕೆಳಗೇ ಬೆಳೆಯುತ್ತಿತ್ತು.

"ಹೌದ್ರಿ, ಅವ್ವಾರು ಹೇಳೋದು ಖರೇ ಅದ" ಎಂದೆ. ನನ್ನ ಕೆಲಸದಲ್ಲಿ ಅದಕ್ಕಿಂತ ಸರಿಯಾದ ಕಾರಣವನ್ನು ನಾನು ಅಪರೂಪಕ್ಕೆ ಕೊಟ್ಟಿದ್ದೇನೆ.